ಸೆಕೆಯ ಊರಿನ ಕೋಳಿ ಶೆಡ್

ಕೋಳಿಗೆ ಬೆವರುಗ್ರಂಥಿಗಳಿಲ್ಲ. ಮೈಯ ಉಷ್ಣತೆ ಸಹಜವಾಗಿಯೇ 41 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಅದರ ಮೇಲೆ ಗರಿಯ ಹೊದಿಕೆ ಬೇರೆ. ಏಪ್ರಿಲ್ ಮಧ್ಯಾಹ್ನ ಬಂಟ್ವಾಳ, ಮೂಡುಬಿದಿರೆ ಕಡೆಯ ಬ್ರಾಯ್ಲರ್ ಶೆಡ್ ಹೊಕ್ಕರೆ ಅದರ ಪಾಡು ಕಾಣುತ್ತದೆ: ಕೊಕ್ಕು ತೆರೆದಿದೆ, ರೆಕ್ಕೆ ಮೈಯಿಂದ ಸರಿದು ಜೋತಿದೆ, ಗಂಟಲು ಪಟಪಟ ಅದುರುತ್ತಿದೆ. ನಿಮಿಷಕ್ಕೆ 25–30 ಸಲ ಇದ್ದ ಉಸಿರು 150 ದಾಟುವುದುಂಟು. ಉಸಿರಿನ ದಾರಿಯ ತೇವ ಆವಿಯಾಗುತ್ತ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಆದರೆ ಹೀಗೆ ಏದುವಾಗ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತದ ಆಮ್ಲ-ಕ್ಷಾರದ ಹದ ಕೆಡುತ್ತದೆ. ಬೇಸಿಗೆಯಲ್ಲಿ ಮೊಟ್ಟೆಯ ಚಿಪ್ಪು ತೆಳುವಾಗಲು ಇದೂ ಒಂದು ಕಾರಣ.

ಬಯಲುಸೀಮೆಯಲ್ಲಾದರೆ ಶೆಡ್ಡಿನೊಳಗೆ ಮಂಜಿನಂತೆ ನೀರು ಸಿಂಪಡಿಸುವ ಫಾಗರ್ ಹಾಕುತ್ತಾರೆ. 36 ಡಿಗ್ರಿ ಬಿಸಿ, ಶೇ. 25 ತೇವಾಂಶ ಇರುವಲ್ಲಿ ನೀರು ಆವಿಯಾಗುತ್ತ ಗಾಳಿಯನ್ನು 22 ಡಿಗ್ರಿಯ ಆಸುಪಾಸಿಗೆ ಇಳಿಸಬಲ್ಲದು. ನಮ್ಮ ಕರಾವಳಿಯಲ್ಲಿ 34 ಡಿಗ್ರಿ ಬಿಸಿಗೆ ಶೇ. 70 ತೇವಾಂಶ ಜೊತೆಯಾದ ದಿನ ಎಷ್ಟೇ ಸಿಂಪಡಿಸಿದರೂ 29ಕ್ಕಿಂತ ಕೆಳಗಿಳಿಯದು. ಸಾಲದ್ದಕ್ಕೆ ಗಾಳಿ ಇನ್ನಷ್ಟು ಒದ್ದೆಯಾಗಿ, ಕೋಳಿಯ ಏದುಸಿರೂ ಕೆಲಸಕ್ಕೆ ಬಾರದಂತಾಗುತ್ತದೆ. ಗಾಳಿಯಾಡದ ಶೆಡ್ಡಿನಲ್ಲಿ ಫಾಗರ್ ಬಿಡುವುದು ಉಪಕಾರವಲ್ಲ, ಅಪಾಯ. ನೀರು ಬಿಡುವುದೇ ಆದರೆ ಮಾಡಿನ ಶೀಟಿನ ಮೇಲೆ ಬಿಡಿ. ಶೀಟಿಗೆ ಸುಣ್ಣ ಬಳಿದರೂ, ತೆಂಗಿನ ಮಡಲು ಹೊದಿಸಿದರೂ ಒಳಗಿನ ಕಾವು ಇಳಿಯುತ್ತದೆ.

ಕರಾವಳಿಯ ಕೋಳಿಗೆ ಬೇಕಾದ್ದು ಗಾಳಿಯ ಓಟ. ಇಲ್ಲೊಂದು ತೊಡಕಿದೆ. ಬಿಸಿಲು ಒಳಗೆ ಬೀಳದಿರಲು ಶೆಡ್ಡಿನ ಉದ್ದವನ್ನು ಪೂರ್ವ-ಪಶ್ಚಿಮಕ್ಕೆ ಇಡಬೇಕೆಂಬುದು ನಿಯಮ. ನಮ್ಮ ಕಡಲ ಗಾಳಿಯೋ ಪಡುವಣದಿಂದಲೇ ಬರುತ್ತದೆ, ಶೆಡ್ಡಿನ ಅಡ್ಡಗೋಡೆಗೇ ಬಡಿಯುತ್ತದೆ. ಸುತ್ತ ಅಡಿಕೆ ತೋಟವಿದ್ದರಂತೂ ಕೇಳುವುದೇ ಬೇಡ. ಹಾಗೆಂದು ದಿಕ್ಕು ಬದಲಿಸಿದರೆ ಸಂಜೆ ಬಿಸಿಲು, ಜೂನ್ ಮಳೆಯ ಎರಚಲು ಎರಡೂ ಒಳಗೆ. ಹಾಗಾಗಿ ದಿಕ್ಕು ನಿಯಮದಂತೆಯೇ ಇರಲಿ, ಗಾಳಿಯನ್ನು ಕೋಳಿಯ ಎತ್ತರದಲ್ಲಿ ಓಡಿಸುವ ಕೆಲಸ ಫ್ಯಾನಿಗಿರಲಿ. ಮಾಡಿನಲ್ಲಿ ತೂಗುವ ಫ್ಯಾನ್ ಸೂರಿನ ಕಾವನ್ನೇ ಕೆಳಗೆ ತಳ್ಳುವುದುಂಟು.

ತಿಂದದ್ದು ಜೀರ್ಣವಾಗುವಾಗಲೂ ಮೈ ಕಾಯುತ್ತದೆ. ಬೆಳಗ್ಗೆ 10ರ ಹೊತ್ತಿಗೆ ಆಹಾರದ ಪಾತ್ರೆ ಮೇಲೆತ್ತಿ ಸಂಜೆ ತಂಪಾದ ಮೇಲೆ ಇಳಿಸುವುದು ಇದಕ್ಕೇ. ನೀರು ಮಾತ್ರ ಸದಾ ಇರಬೇಕು. ಬಿಸಿಲಲ್ಲಿ ಕಾದ ಕಪ್ಪು ಟ್ಯಾಂಕಿನ ನೀರನ್ನು ಕೋಳಿ ಅಷ್ಟಾಗಿ ಕುಡಿಯದು. ಟ್ಯಾಂಕಿಗೆ ಗೋಣಿ ಸುತ್ತಿ ಒದ್ದೆ ಮಾಡಿ.

ಮಳೆಗಾಲದಲ್ಲಿ ಲೆಕ್ಕ ತಿರುಗುತ್ತದೆ. ಹೊಸ ಮರಿಗೆ ಮೊದಲ ವಾರ 32–34 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. ಥರ್ಮಾಮೀಟರಿಗಿಂತ ಮರಿಯೇ ಚೆನ್ನಾಗಿ ಹೇಳುತ್ತದೆ: ಕಾವು ಕೊಡುವ ಬಲ್ಬಿನಡಿ ಗುಂಪುಗೂಡಿ ಕೀಚುಗುಟ್ಟಿದರೆ ಚಳಿ, ದೂರ ಓಡಿ ಅಂಚಿಗೆ ಕೂತರೆ ಸೆಕೆ. ಬೆಳ್ತಂಗಡಿಯ ಘಟ್ಟದ ಬುಡದ ಮಳೆಗೆ ಹೆದರಿ ಕೆಲವರು ಟಾರ್ಪಾಲನ್ನು ಮಾಡಿನ ತನಕ ಕಟ್ಟಿಬಿಡುತ್ತಾರೆ. ಆಗ ನೆಲಕ್ಕೆ ಹಾಸಿದ ಒದ್ದೆ ಉಮಿಯಿಂದೆದ್ದ ಅಮೋನಿಯಾ ಕಣ್ಣು ಉರಿಸುತ್ತದೆ, ಮರಿಯ ಶ್ವಾಸಕೋಶ ಹಾಳು ಮಾಡುತ್ತದೆ. ಮೇಲೆ ಒಂದಡಿಯಾದರೂ ತೆರೆದಿರಲಿ. ಉಮಿಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆ ಒಡೆಯದಿದ್ದರೆ ಅದನ್ನು ಬದಲಿಸುವ ಹೊತ್ತಾಯಿತು.

ಕಂಪನಿಯ ಮರಿ ಸಾಕುವವರಿಗೆ ಮರಿ, ಆಹಾರ ಕಂಪನಿಯಿಂದ ಬಂದರೂ ಶೆಡ್, ಕರೆಂಟಿನ ಖರ್ಚು ತಮ್ಮದೇ. ಮಾರಾಟಕ್ಕೆ ಬಂದ ಎರಡು ಕಿಲೋದ ಕೋಳಿಯೇ ಸೆಕೆಗೆ ಮೊದಲು ಸಾಯುವುದು. ಹೊಸದಾಗಿ ಶೆಡ್ ಕಟ್ಟುವವರು ಫಾಗರಿಗೆ ಇಟ್ಟ ದುಡ್ಡನ್ನು ಫ್ಯಾನಿಗೆ, ಕರೆಂಟು ಹೋದಾಗ ಅದನ್ನು ತಿರುಗಿಸುವ ಜನರೇಟರಿಗೆ ಹಾಕಲಿ.