ಕೋಳಿಯ ಕಾಳು, ಆಡಿನ ಹೊಟ್ಟೆ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಆದರೆ ಒಂದು ಮಾತನ್ನು ಗಮನಿಸಿ. ಗಾದೆ ಹೇಳುವುದು ಸೊಪ್ಪಿನ ವಿಷಯ, ಕಾಳಿನ ವಿಷಯವಲ್ಲ. ಮುಳ್ಳುಕಂಟಿಯನ್ನೂ ಜೀರ್ಣಿಸಿಕೊಳ್ಳಬಲ್ಲ ಆಡು, ಕೋಳಿಗೆಂದು ಇಟ್ಟ ಕಾಳಿನ ಚೀಲಕ್ಕೆ ಬಾಯಿ ಹಾಕಿ ಹೊಟ್ಟೆ ತುಂಬ ತಿಂದರೆ ಒಂದೆರಡು ದಿನಗಳಲ್ಲೇ ಸಾಯಬಹುದು. ಏಕೆ?

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಮಕ್ಕಳಿಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಸೀಮೆಯಲ್ಲಿ ಕಬ್ಬಿನ ಜೊತೆಗೆ ಗೋವಿನಜೋಳ, ಸೋಯಾ ಅವರೆ, ಜೋಳ ಬೆಳೆಯುತ್ತವೆ. ಕೋಳಿ ಆಹಾರದಲ್ಲಿ ಹೆಚ್ಚಿನ ಪಾಲು ಇರುವುದು ಈ ಗೋವಿನಜೋಳವೇ. ಅನೇಕ ಮನೆಗಳಲ್ಲಿ ಒಂದೇ ಹಿತ್ತಲಿನಲ್ಲಿ ಒಂದು ಕಡೆ ಕೋಳಿ ಗೂಡು, ಇನ್ನೊಂದು ಕಡೆ ನಾಲ್ಕೈದು ಆಡು. ಶಾಲೆಯ ಫೀ ಕಟ್ಟುವಾಗಲೋ ಆಸ್ಪತ್ರೆಯ ಖರ್ಚು ಬಂದಾಗಲೋ ಮಾರುವುದು ಆ ಆಡನ್ನೇ. ಅದು ಸತ್ತರೆ ಮನೆಯ ಉಳಿತಾಯವೇ ಹೋದಂತೆ.

ಹೊಟ್ಟೆಯೊಳಗಿನ ಕೆಲಸಗಾರರು

ಆಡಿನ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಅವುಗಳಲ್ಲಿ ಅತಿ ದೊಡ್ಡದು ರೂಮೆನ್. ಇದು ಎಡಪಕ್ಕದಲ್ಲಿರುವ ದೊಡ್ಡದೊಂದು ಚೀಲ. ಇದರೊಳಗಿನ ಒಂದು ಮಿಲಿಲೀಟರ್ ರಸದಲ್ಲಿ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಹುಲ್ಲು, ಎಲೆಗಳಲ್ಲಿರುವ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಆಡಿನ ದೇಹದಲ್ಲಿ ಹುಟ್ಟುವುದಿಲ್ಲ. ಆ ಕೆಲಸ ಮಾಡುವವು ಈ ಸೂಕ್ಷ್ಮಜೀವಿಗಳು. ಅವು ಎಲೆಯನ್ನು ನಿಧಾನವಾಗಿ ಹುದುಗಿಸಿ, ಅಸಿಟಿಕ್ ಆಮ್ಲದಂತಹ ಸೌಮ್ಯ ಆಮ್ಲಗಳನ್ನು ಬಿಡುಗಡೆ ಮಾಡುತ್ತವೆ. ಆಡು ಅವುಗಳನ್ನು ಹೀರಿಕೊಂಡು ಶಕ್ತಿ ಪಡೆಯುತ್ತದೆ. ಅಂದರೆ ಆಡನ್ನು ಸಾಕುವವರು ವಾಸ್ತವವಾಗಿ ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳನ್ನೂ ಸಾಕುತ್ತಿರುತ್ತಾರೆ.

ಆಮ್ಲ ಹೆಚ್ಚಾಗದಂತೆ ನೋಡಿಕೊಳ್ಳುವ ವ್ಯವಸ್ಥೆಯೂ ಇದೆ. ಆಡು ನೆರಳಿನಲ್ಲಿ ಮಲಗಿ ಮೆಲುಕು ಹಾಕುವಾಗ ಲೀಟರುಗಟ್ಟಲೆ ಜೊಲ್ಲು ಹೊಟ್ಟೆಗಿಳಿಯುತ್ತದೆ. ಜೊಲ್ಲಿನಲ್ಲಿ ಬೈಕಾರ್ಬನೇಟ್ ಇರುವುದರಿಂದ ಅದು ಆಮ್ಲವನ್ನು ತಟಸ್ಥಗೊಳಿಸುತ್ತದೆ. ಹೀಗಾಗಿ ರೂಮೆನ್ನಿನ ಪಿಎಚ್ ಸಾಮಾನ್ಯವಾಗಿ 6ರಿಂದ 7ರ ನಡುವೆ ನಿಲ್ಲುತ್ತದೆ.

ಹಾಲು ಮೊಸರಾದಂತೆ

ಈಗ ಆಡು ಕೋಳಿ ಗೂಡಿಗೆ ನುಗ್ಗಿತೆನ್ನಿ. ಕೋಳಿ ಆಹಾರದಲ್ಲಿ ನಾರು ಕಡಿಮೆ, ಪಿಷ್ಟ ಹೆಚ್ಚು. ಮೇಲಾಗಿ ಅದು ನುಣ್ಣಗೆ ಪುಡಿಯಾಗಿರುತ್ತದೆ. ಪುಡಿಯಾದಷ್ಟೂ ಮೇಲ್ಮೈ ವಿಸ್ತೀರ್ಣ ಹೆಚ್ಚುತ್ತದೆ ಎಂಬುದನ್ನು ನೀವು ರಸಾಯನ ಶಾಸ್ತ್ರದಲ್ಲಿ ಓದಿದ್ದೀರಿ. ಸೂಕ್ಷ್ಮಜೀವಿಗಳು ಎಲ್ಲ ಕಡೆಯಿಂದಲೂ ಒಮ್ಮೆಲೇ ಅದರ ಮೇಲೆ ಬೀಳುತ್ತವೆ. ಎಲೆ ತಿನ್ನುವ ಬ್ಯಾಕ್ಟೀರಿಯಾ ಹಿಂದೆ ಬೀಳುತ್ತದೆ, ಪಿಷ್ಟ ತಿನ್ನುವ ಬ್ಯಾಕ್ಟೀರಿಯಾ ಅತಿ ವೇಗವಾಗಿ ಬೆಳೆಯುತ್ತದೆ. ಅದು ತಯಾರಿಸುವುದು ಲ್ಯಾಕ್ಟಿಕ್ ಆಮ್ಲ. ನಿಮ್ಮ ಮನೆಯಲ್ಲಿ ಹೆಪ್ಪು ಹಾಕಿದ ಹಾಲು ಹುಳಿಯಾಗುವುದು ಇದೇ ಆಮ್ಲದಿಂದ.

ರೂಮೆನ್ನಿನ ಪಿಎಚ್ 5ಕ್ಕಿಂತ ಕೆಳಗಿಳಿಯಬಹುದು. 6.5ರಿಂದ 4.5ಕ್ಕೆ ಇಳಿಯುವುದೆಂದರೆ ಬರಿಯ ಎರಡು ಅಂಕಿಯ ವ್ಯತ್ಯಾಸವಲ್ಲ. ಪಿಎಚ್ ಮಾಪಕದಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ 10 ಪಟ್ಟು ಹೆಚ್ಚುತ್ತದೆ. ಎರಡು ಅಂಕಿ ಇಳಿದರೆ 100 ಪಟ್ಟು! ಎಲೆ ಒಡೆಯುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ರೂಮೆನ್ನಿನ ಚಲನೆ ನಿಲ್ಲುತ್ತದೆ. ಹೊಟ್ಟೆಯೊಳಗಿನ ದ್ರವ ಗಾಢವಾಗುವುದರಿಂದ ಪರಾಸರಣದ ನಿಯಮದಂತೆ ರಕ್ತದಿಂದ ನೀರು ಹೊಟ್ಟೆಯೊಳಕ್ಕೆ ಸೇರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೂ ದೇಹ ಒಣಗುತ್ತದೆ. ಕೊನೆಗೆ ಆಮ್ಲ ರಕ್ತಕ್ಕೂ ಸೇರಿ ಪ್ರಾಣಕ್ಕೆ ಅಪಾಯ ತರುತ್ತದೆ. ಪಶುವೈದ್ಯರು ಇದನ್ನು ರೂಮೆನ್ ಅಸಿಡೋಸಿಸ್ ಎನ್ನುತ್ತಾರೆ.

ಹಾಗಾದರೆ ಕೋಳಿಗೆ ಏನೂ ಆಗುವುದಿಲ್ಲವೇ? ಇಲ್ಲ. ಕೋಳಿ ಕಾಳನ್ನು ಮಾಂಸಲವಾದ ಅರೆಯುವ ಹೊಟ್ಟೆಯಲ್ಲಿ ನುರಿಸಿ, ತನ್ನದೇ ಕಿಣ್ವಗಳಿಂದ ಪಿಷ್ಟವನ್ನು ಜೀರ್ಣಿಸುತ್ತದೆ. ಕಾಳು ವಿಷವಲ್ಲ. ಒಗ್ಗಿಕೊಳ್ಳಲು ಸಮಯ ಕೊಡದೆ ಒಮ್ಮೆಲೇ ಬಂದ ಪಿಷ್ಟವೇ ಆಡಿಗೆ ಮಾರಕ. ಮದುವೆ, ಹಬ್ಬಗಳಲ್ಲಿ ಉಳಿದ ಅನ್ನ, ಹೋಳಿಗೆಯನ್ನು ರಾಶಿ ಸುರಿದರೂ, ಕಣದಲ್ಲಿ ಜೋಳದ ರಾಶಿಗೆ ಬಾಯಿ ಹಾಕಲು ಬಿಟ್ಟರೂ ಆಗುವುದು ಇದೇ.

ಗುರುತಿಸುವುದು ಹೇಗೆ?

ಕಾಳು ತಿಂದ ಕೂಡಲೇ ಆಡು ಚೆನ್ನಾಗಿಯೇ ಕಾಣುತ್ತದೆ. ಮೋಸ ಹೋಗುವುದು ಇಲ್ಲೇ. ಸಾಮಾನ್ಯವಾಗಿ 12ರಿಂದ 24 ಗಂಟೆಗಳೊಳಗೆ ಲಕ್ಷಣಗಳು ಕಾಣುತ್ತವೆ. ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ. ಹಲ್ಲು ಕಡಿಯುತ್ತದೆ. ಎಡ ಹೊಟ್ಟೆ ಉಬ್ಬಿ, ಒತ್ತಿದರೆ ನೀರು ಕುಲುಕಿದ ಸದ್ದು ಬರುತ್ತದೆ. ಹುಳಿ ವಾಸನೆಯ ಭೇದಿಯಾಗುತ್ತದೆ. ಕಣ್ಣು ಗುಳಿ ಬೀಳುತ್ತವೆ. ನಡೆಯುವಾಗ ಓಲಾಡಿ, ಕೊನೆಗೆ ನೆಲ ಹಿಡಿಯುತ್ತದೆ. ಆದ್ದರಿಂದ ಲಕ್ಷಣಕ್ಕಾಗಿ ಕಾಯಬೇಡಿ. ಚೀಲ ಖಾಲಿಯಾಗಿದ್ದರೆ ಅದೇ ಮೊದಲ ಲಕ್ಷಣ.

ತಕ್ಷಣ ಏನು ಮಾಡಬೇಕು?

ಮೊದಲು ಉಳಿದ ಕಾಳನ್ನು ದೂರ ಮಾಡಿ. ಒಣ ಹುಲ್ಲು ಅಥವಾ ಕಣಿಕೆಯನ್ನಷ್ಟೇ ಇಡಿ. ಆಡನ್ನು ನಿಧಾನವಾಗಿ ನಡೆಸಿ. ಎಷ್ಟು ಹೊತ್ತಿಗೆ, ಸುಮಾರು ಎಷ್ಟು ತಿಂದಿತು ಎಂಬುದನ್ನು ಬರೆದುಕೊಂಡು ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಪಶು ಸಹಾಯವಾಣಿಯ 1962 ಸಂಖ್ಯೆಗೂ ಕರೆ ಮಾಡಬಹುದು. ನೀರನ್ನು ಎಷ್ಟು ಕೊಡಬೇಕೆಂಬುದನ್ನು ವೈದ್ಯರನ್ನೇ ಕೇಳಿ. ಕಾಳು ತುಂಬಿದ ಹೊಟ್ಟೆಗೆ ಬಕೆಟ್‌ಗಟ್ಟಲೆ ನೀರು ಸೇರುವುದು ಒಳ್ಳೆಯದಲ್ಲ.

ಅಡುಗೆ ಸೋಡಾ ಆಮ್ಲವನ್ನು ತಗ್ಗಿಸುತ್ತದೆ. ದೇಹತೂಕದ ಕಿಲೋಗೆ ಸುಮಾರು 1 ಗ್ರಾಂ, ಅಂದರೆ 20 ಕಿಲೋ ಆಡಿಗೆ 20 ಗ್ರಾಂನಷ್ಟು ಸೋಡಾವನ್ನು ನೀರಿನಲ್ಲಿ ಕರಗಿಸಿ ಕುಡಿಸುವುದು ರೂಢಿ. ಆದರೆ ಇದನ್ನು ವೈದ್ಯರು ಹೇಳಿದ ಮೇಲೆ, ಅನುಭವಸ್ಥ ಹಿರಿಯರೇ ಮಾಡಬೇಕು. ಬಟ್ಟೆ ಒಗೆಯುವ ಸೋಡಾ ಬೇರೆ, ಅದನ್ನು ಮುಟ್ಟಲೇಬೇಡಿ. ಆಡು ನೆಲ ಹಿಡಿದಿದ್ದರೆ, ನುಂಗಲಾರದಂತಿದ್ದರೆ ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಅಜೀರ್ಣವೆಂದು ಹುಳಿ ಮಜ್ಜಿಗೆಯನ್ನೋ ಲಿಂಬೆ ರಸವನ್ನೋ ಕುಡಿಸಬಾರದು. ಆಮ್ಲಕ್ಕೆ ಇನ್ನಷ್ಟು ಆಮ್ಲ ಸೇರಿಸಿದಂತಾಗುತ್ತದೆ.

ಬಾಗಿಲಿಗೆ ಎರಡು ಚಿಲಕ

ಚಿಕಿತ್ಸೆಗಿಂತ ತಡೆಯುವುದು ಸುಲಭ. ಕೋಳಿ ಆಹಾರವನ್ನು ಬಿಗಿ ಮುಚ್ಚಳದ ಡ್ರಮ್ಮಿನಲ್ಲಿಡಿ. ಗೋಣಿಚೀಲವನ್ನು ಆಡು ಹಲ್ಲಿನಿಂದ ಹರಿಯಬಲ್ಲದು, ಸಡಿಲ ಚಿಲಕವನ್ನು ಮೂತಿಯಿಂದ ಎತ್ತಬಲ್ಲದು. ಆದ್ದರಿಂದ ಗೂಡಿನ ಬಾಗಿಲಿಗೆ ಎರಡು ಚಿಲಕವಿರಲಿ, ಒಂದು ಆಡಿನ ಮೂತಿಗೆ ಎಟುಕದಷ್ಟು ಎತ್ತರದಲ್ಲಿರಲಿ. ಕೋಳಿ ಮಾತ್ರ ನುಸುಳುವಷ್ಟು ಕಿಂಡಿ ಬಿಡಿ. ಮರಿಗಳು ಸಣ್ಣ ಸಂದಿಯಲ್ಲೂ ತೂರುತ್ತವೆ ಎಂಬುದನ್ನು ಮರೆಯಬೇಡಿ. ಕೋಳಿಗೆ ಅದು ತಿನ್ನುವಷ್ಟನ್ನೇ ಗೂಡಿನೊಳಗೆ ಹಾಕಿ, ಚೆಲ್ಲಿದ್ದನ್ನು ಗುಡಿಸಿ.

ನದಿ ಉಕ್ಕಿದಾಗ ಎಚ್ಚರ ಇನ್ನೂ ಹೆಚ್ಚು ಬೇಕು. 2019ರ ಆಗಸ್ಟ್ ಪ್ರವಾಹದಲ್ಲಿ ಈ ಸೀಮೆಯ ಎಷ್ಟೋ ಕುಟುಂಬಗಳು ಜಾನುವಾರು ಸಮೇತ ಎತ್ತರದ ಜಾಗಗಳಿಗೆ ಹೋಗಬೇಕಾಯಿತು. ಅಂಥ ಹೊತ್ತಿನಲ್ಲಿ ಹಸಿದ ಆಡುಗಳೂ ಕಾಳಿನ ಚೀಲಗಳೂ ಒಂದೇ ಸೂರಿನಡಿ ಇರುತ್ತವೆ. ಹಸಿದ ಆಡಿಗೆ ಮೊದಲು ಒಣ ಮೇವು ಸಿಗಬೇಕು.

ಆಡಿಗೆ ಕಾಳು ತಿನ್ನಿಸಲೇಬಾರದು ಎಂದಲ್ಲ. ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ವಾರಗಳಲ್ಲಿ ಅಭ್ಯಾಸ ಮಾಡಿಸಿದರೆ ಸೂಕ್ಷ್ಮಜೀವಿಗಳೂ ಒಗ್ಗಿಕೊಳ್ಳುತ್ತವೆ. ಅತಿಯಾಗಿ ತಿಂದಾಗ ಕರುಳಿನಲ್ಲಿ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಬಿಡುವ ಎಂಟೆರೋಟಾಕ್ಸೀಮಿಯಾ ರೋಗವೂ ಬರಬಹುದು. ಅದಕ್ಕೆ ಲಸಿಕೆ ಇದೆ. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ನೀವೇ ಮಾಡಿ ನೋಡಿ

ಶಾಂತವಾಗಿ ನಿಂತ ಆಡಿನ ಎಡಪಕ್ಕ, ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಯಲ್ಲಿ ಅಂಗೈ ಇಡಿ. ಅಲೆ ಎದ್ದಂತೆ ಹೊಟ್ಟೆ ಮೆಲ್ಲಗೆ ಕೈಯನ್ನು ತಳ್ಳುತ್ತದೆ. ಅದೇ ರೂಮೆನ್ನಿನ ಚಲನೆ. ಆರೋಗ್ಯವಂತ ಆಡಿನಲ್ಲಿ ನಿಮಿಷಕ್ಕೆ ಒಂದೆರಡು ಬಾರಿ ಇದು ಆಗುತ್ತದೆ. ಒಂದು ವಾರ ದಿನವೂ ಎಣಿಸಿ ಬರೆದಿಡಿ. ನಿಮ್ಮ ಆಡಿನ ಸಹಜ ಲೆಕ್ಕ ನಿಮಗೆ ಗೊತ್ತಿದ್ದರೆ, ಅದು ನಿಂತ ದಿನ ಮನೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿಯುವುದು ನಿಮಗೇ. ಇಂದು ಸಂಜೆ ಹಿತ್ತಲಿಗೆ ಹೋದಾಗ ಗೂಡಿನ ಚಿಲಕವನ್ನೂ ಒಮ್ಮೆ ನೋಡಿ ಬನ್ನಿ.