ಪಂಪಿನ ಸ್ವಿಚ್ ಒತ್ತುವ ಮೊದಲು

ಮಳೆ ನಿಂತು ಹೊಳೆಗೆ ಕಟ್ಟ ಹಾಕಿದರೆ ನಮ್ಮ ಅಡಿಕೆ ತೋಟಗಳಲ್ಲಿ ಪಂಪಿನ ಸದ್ದು ಶುರು. ಮಳೆಗಾಲವಿಡೀ ಮಲಗಿದ್ದ ಯಂತ್ರವನ್ನು ಎದ್ದ ಕೂಡಲೇ ಓಡಿಸಬಾರದು. ಮನೆಯ 5 ಅಶ್ವಶಕ್ತಿಯದಾಗಲಿ, ಹತ್ತು ಮನೆಯವರು ಕೂಡಿ ಹಾಕಿಸಿದ 20 ಅಶ್ವಶಕ್ತಿಯದಾಗಲಿ, ಸೆಂಟ್ರಿಫ್ಯೂಗಲ್ ಪಂಪಿನ ಸ್ವಭಾವ ಒಂದೇ.

ಮೊದಲು ಮೈನ್ ಸ್ವಿಚ್ ಆಫ್ ಮಾಡಿ ಫ್ಯೂಸನ್ನು ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿರಿ. ಆಮೇಲೆ ಕಪ್ಲಿಂಗನ್ನು ಕೈಯಿಂದ ತಿರುಗಿಸಿ ನೋಡಿರಿ. ತಿರುಗದಿದ್ದರೆ ಬಲವಂತ ಬೇಡ, ಮೆಕ್ಯಾನಿಕನನ್ನು ಕರೆಯಿರಿ. ಸ್ಟಾರ್ಟರಿನ ಪೆಟ್ಟಿಗೆಗೆ ಅರ್ಥ್ ತಂತಿ ಇದೆಯೇ? ಒದ್ದೆ ನೆಲದಲ್ಲಿ ನಿಂತು ಸ್ವಿಚ್ ಮುಟ್ಟುವವರಿಗೆ ಅದೇ ಕಾವಲು.

ಈ ಪಂಪು ಗಾಳಿಯನ್ನು ಎಳೆಯಲಾರದು. ಗಾಳಿ ನೀರಿಗಿಂತ ಸುಮಾರು 800 ಪಾಲು ಹಗುರ. ಚಕ್ರ ಎಷ್ಟು ಬೀಸಿ ತಿರುಗಿದರೂ ಗಾಳಿಗೆ ಒತ್ತಡ ಬರುವುದಿಲ್ಲ. ಆದುದರಿಂದ ಫುಟ್‌ವಾಲ್ವಿನಿಂದ ಪಂಪಿನವರೆಗೆ ನೀರು ತುಂಬಿಸಿ, ಮೇಲಿನ ಗಾಳಿ ತಿರುಪಿನಲ್ಲಿ ಗುಳ್ಳೆ ನಿಂತು ಬರೇ ನೀರು ಬರುವ ತನಕ ಕಾಯಿರಿ. ಪಂಪು ನೀರಿನ ಮಟ್ಟದಿಂದ 6 ಮೀಟರಿಗಿಂತ ಹೆಚ್ಚು ಮೇಲಿರದಿದ್ದರೆ ಒಳ್ಳೆಯದು.

ಈಗ ಡೆಲಿವರಿ ವಾಲ್ವನ್ನು ಮುಚ್ಚಿಟ್ಟು ಸ್ಟಾರ್ಟ್ ಮಾಡಿರಿ. ವಾಲ್ವ್ ಮುಚ್ಚಿದರೆ ಮೋಟಾರಿಗೆ ಭಾರ ಹೆಚ್ಚುವುದೆಂದು ಹಲವರ ನಂಬಿಕೆ. ನಿಜ ಅದರ ತಿರುಗಾಮುರುಗ. ನೀರು ಹರಿಯದಿದ್ದಾಗಲೇ ಭಾರ ಕಡಿಮೆ. ವೇಗ ಬಂದೊಡನೆ ನಿಧಾನವಾಗಿ ತೆರೆಯಿರಿ. ಮುಚ್ಚಿಟ್ಟೇ ಓಡಿಸಿದರೆ ಒಳಗಿನ ನೀರು ಕುದಿಯುವಷ್ಟು ಬಿಸಿಯಾದೀತು. ಗ್ಲ್ಯಾಂಡಿನಿಂದ ಹನಿಹನಿಯಾಗಿ ನೀರು ತೊಟ್ಟಿಕ್ಕಲಿ, ಬಿಗಿದು ನಿಲ್ಲಿಸಬೇಡಿರಿ. ಕರೆಂಟ್ ಹೋಗಿ ಬಂದರೆ ಪೈಪಿನ ನೀರು ಹಿಂದೆ ಇಳಿದು ಚಕ್ರ ನಿಲ್ಲುವವರೆಗೆ ತಾಳ್ಮೆಯಿರಲಿ. ಉಲ್ಟಾ ತಿರುಗುತ್ತಿರುವಾಗ ಸ್ಟಾರ್ಟ್ ಮಾಡಿದರೆ ಶಾಫ್ಟ್ ಮುರಿಯಬಹುದು.

ಪಂಪು ಕೆಟ್ಟರೆ ದುಡ್ಡು ಹೋಗುತ್ತದೆ, ಅಷ್ಟೆ. ಆದರೆ ಎಪ್ರಿಲ್‌ನಲ್ಲಿ ನೀರು ಆಳಕ್ಕಿಳಿಯಿತೆಂದು ಡೀಸೆಲ್ ಅಥವಾ ಸೀಮೆಎಣ್ಣೆ ಇಂಜಿನನ್ನು ಬಾವಿಯೊಳಗೆ ಇಳಿಸಿ ಓಡಿಸುವವರಿದ್ದಾರೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆ ಇದಕ್ಕೆ ಸಾಲದು. ಆಮ್ಲಜನಕ ಇದ್ದರೆ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ತಮ್ಮನೂ ಬೀಳುತ್ತಾನೆ. ಇಂಜಿನ್ ದಂಡೆಯ ಮೇಲೆಯೇ ಇರಲಿ. ಆಳಕ್ಕೆ ಸಬ್‌ಮರ್ಸಿಬಲ್ ಪಂಪು ಹಾಕಿಸಿರಿ. ಯಾರಾದರೂ ಒಳಗೆ ಬಿದ್ದಿದ್ದರೆ ನೀವು ಇಳಿಯದೆ ಅಗ್ನಿಶಾಮಕ ದಳಕ್ಕೆ, 101ಕ್ಕೆ, ಫೋನ್ ಮಾಡಿರಿ.