ಹಾಜರಿ ಪಟ್ಟಿಯಲ್ಲಿ ಸಹಿ ಉಂಟು, ಆದ್ರೆ ಕಲ್ತಿದ್ದಾರಾ?

ಕಳೆದ ರಜೆಯಲ್ಲಿ ಬೈಕಂಪಾಡಿಯ ಒಂದು ಕಾರ್ಖಾನೆಗೆ ಇಂಟರ್ನ್‌ಶಿಪ್‌ಗೆ ಹೋಗಿದ್ದೆ. ಅಲ್ಲಿ ಪಂಪುಗಳಿಗೆ ಹೊಸದಾಗಿ ವಿಎಫ್‌ಡಿ, ಅಂದ್ರೆ ಮೋಟಾರಿನ ವೇಗ ಹೊಂದಿಸುವ ಡ್ರೈವ್, ಹಾಕಿದ್ರು. ಆಪರೇಟರ್‌ಗಳಿಗೆ ತರಬೇತಿ ಅಂತ ಮೂರು ಗಂಟೆ ಕೂರಿಸಿ ಎಪ್ಪತ್ತು ಸ್ಲೈಡ್ ತೋರಿಸಿದ್ರು. ಮಧ್ಯದಲ್ಲಿ ಚಹಾ, ಬಿಸ್ಕಿಟು. ಕೊನೆಗೆ ಹಾಜರಿ ಪಟ್ಟಿಗೆ ಸಹಿ.

ಹತ್ತೇ ದಿನಕ್ಕೆ ನೈಟ್ ಶಿಫ್ಟಲ್ಲಿ ಒಂದು ಡ್ರೈವ್ ಓವರ್‌ಲೋಡ್ ಅಂತ ಟ್ರಿಪ್ ಆಯ್ತು. ಡ್ಯೂಟಿಯಲ್ಲಿದ್ದ ಅಣ್ಣ ರಿಸೆಟ್ ಒತ್ತಿದ್ರು. ಮತ್ತೆ ಟ್ರಿಪ್. ಹೀಗೆ ಐದಾರು ಸಲ. ಪಂಪಿನೊಳಗೆ ಬಟ್ಟೆ ಚಿಂದಿ ಸಿಕ್ಕಿ ಜಾಮ್ ಆಗಿದ್ದು ಅವರಿಗೆ ಗೊತ್ತಾಗ್ಲಿಲ್ಲ. ಬೆಳಗ್ಗೆ ನೋಡುವಾಗ ಮೋಟಾರಿನ ವೈಂಡಿಂಗ್ ಸುಟ್ಟಿತ್ತು. ವಿಚಾರಣೆಯಲ್ಲಿ ಮೊದಲು ಹೊರಗೆ ಬಂದದ್ದು ಆ ಹಾಜರಿ ಪಟ್ಟಿ. "ಟ್ರೈನಿಂಗ್ ಕೊಟ್ಟಿದ್ದೇವಲ್ಲ, ಇಲ್ಲಿ ನಿಮ್ಮ ಸಹಿ ಉಂಟು." ಅವರಿಗೆ ಮೆಮೊ ಸಿಕ್ತು.

ಆ ತರಬೇತಿಯಲ್ಲಿ ನಾನೂ ಕೂತಿದ್ದೆ. ಫಾಲ್ಟ್ ಕೋಡ್‌ಗಳ ಸ್ಲೈಡ್ ಬರುವಾಗ ಮೊಬೈಲ್ ನೋಡ್ತಾ ಇದ್ದೆ. ಆ ರಾತ್ರಿ ನಾನಿದ್ದಿದ್ರೂ ರಿಸೆಟ್ಟೇ ಒತ್ತುತ್ತಿದ್ದೆ.

ಇನ್ನು ಕೆಲವು ವರ್ಷದಲ್ಲಿ ಆ ಸ್ಲೈಡ್ ಮಾಡುವ ಕುರ್ಚಿಯಲ್ಲಿ ನಾವೇ ಇರ್ತೇವೆ. ಕಾರ್ಖಾನೆಯಾಗಲಿ, ಸಾಫ್ಟ್‌ವೇರ್ ಕಂಪನಿಯಾಗಲಿ, "ನಿಮ್ಮ ಟೀಮಿಗೆ ಒಂದು ವರ್ಕ್‌ಶಾಪ್ ಮಾಡಿ" ಅಂತ ಹೇಳುವ ದಿನ ಬಂದೇ ಬರುತ್ತದೆ. ಅದಕ್ಕೆ ಈಗಲೇ ಸ್ವಲ್ಪ ತಯಾರಿ.

ಹಳೆಯದಾದರೂ ಗಟ್ಟಿ ವಿಧಾನ

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗೆ ಲಕ್ಷಾಂತರ ಹೊಸ ಕೆಲಸಗಾರರು ಬಂದರು. ಅವರಿಗೆ ಬೇಗ ಕೆಲಸ ಕಲಿಸಬೇಕಿತ್ತು. 1940ರಿಂದ 1945ರವರೆಗೆ ನಡೆದ 'ಟ್ರೈನಿಂಗ್ ವಿದಿನ್ ಇಂಡಸ್ಟ್ರಿ' ಯೋಜನೆ ಇದಕ್ಕಾಗಿ ಹುಟ್ಟಿತು. ಸೂಪರ್‌ವೈಸರ್‌ಗಳಿಗೆ ಕಲಿಸುವುದನ್ನೇ ಕಲಿಸುವ ಕೋರ್ಸ್ ಅದರಲ್ಲಿತ್ತು. ಎರಡೆರಡು ಗಂಟೆಯ ಐದು ತರಗತಿ, ಒಟ್ಟು 10 ಗಂಟೆ. ಯುದ್ಧ ಮುಗಿದ ಮೇಲೆ ಇದು ಜಪಾನಿಗೆ ಹೋಯಿತು, ಟೊಯೋಟಾ ಕೂಡ ಅಳವಡಿಸಿಕೊಂಡಿತು.

ಅದರಲ್ಲಿರುವುದು ನಾಲ್ಕೇ ಹೆಜ್ಜೆ: ಕಲಿಯುವವನನ್ನು ಸಿದ್ಧಮಾಡು, ಮಾಡಿ ತೋರಿಸು, ಅವನ ಕೈಯಿಂದ ಮಾಡಿಸು, ಆಮೇಲೆ ಹೋಗಿ ವಿಚಾರಿಸು. ಕಲಿಯುವವನಿಗೆ ಬರಲಿಲ್ಲ ಅಂದ್ರೆ ಕಲಿಸಿದವನು ಕಲಿಸಿಲ್ಲ ಎಂಬುದು ಅದರ ನಿಲುವು. ನಾನು ಕಂಡ ತರಬೇತಿ ಎರಡನೇ ಹೆಜ್ಜೆಯ ಅರ್ಧಕ್ಕೇ ನಿಂತಿತ್ತು. ತಪ್ಪು ಮಾತ್ರ ಕಲಿಯುವವರ ತಲೆಗೆ ಬಂತು.

ಆಟ ಯಾಕೆ?

ಬೋರ್ ಆಗಬಾರದು ಅಂತ ಅಂತ್ಯಾಕ್ಷರಿ ಆಡಿಸಿ, ಆಮೇಲೆ ಅದೇ ಸ್ಲೈಡ್ ತೋರಿಸಿದ್ರೆ ಪ್ರಯೋಜನ ಇಲ್ಲ. ಆಟದೊಳಗೇ ಪಾಠ ಇರಬೇಕು.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಉಂಟು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಅಲ್ಲಿ ಸ್ವಂತ ಉದ್ಯೋಗ ಮಾಡುವವರಿಗೆ ವಸತಿಯೊಂದಿಗೆ ಉಚಿತ ತರಬೇತಿ ಸಿಗುತ್ತದೆ. ಇದೇ ಮಾದರಿಯಲ್ಲಿ ಈಗ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿಗಳಿವೆ.

ಇಂಥ ಉದ್ಯಮಶೀಲತಾ ತರಬೇತಿಗಳಲ್ಲಿ ರಿಂಗ್ ಎಸೆಯುವ ಆಟ ಒಂದುಂಟು. ಗೂಟಕ್ಕೆ ಬಳೆಯಂಥ ರಿಂಗ್ ಎಸೆಯಬೇಕು. ಎಲ್ಲಿ ನಿಂತು ಎಸೆಯುವುದು ಅಂತ ನೀವೇ ತೀರ್ಮಾನಿಸಬೇಕು, ದೂರ ನಿಂತಷ್ಟೂ ಅಂಕ ಜಾಸ್ತಿ. ಆಟ ಮುಗಿದ ಮೇಲೆ ಅಸಲಿ ಪಾಠ: "ನೀವು ಅಷ್ಟು ಹತ್ತಿರ ಯಾಕೆ ನಿಂತ್ರಿ? ನೀವ್ಯಾಕೆ ಅಷ್ಟು ದೂರ?" ಅಪಾಯವನ್ನು ಲೆಕ್ಕ ಹಾಕುವುದು ಅಂದ್ರೆ ಏನು ಅಂತ ಐದು ನಿಮಿಷದಲ್ಲಿ ಅರ್ಥ ಆಗುತ್ತದೆ. ಇದರ ಹಿಂದೆ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರ ಅಧ್ಯಯನಗಳಿವೆ. 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಅವರ ತಂಡ ಇಂಥ ತರಬೇತಿ ಕೊಡಿಸಿತ್ತು.

ರುಡ್‌ಸೆಟ್‌ನಿಂದ ಕಲಿಯಬೇಕಾದ ಇನ್ನೊಂದು ವಿಷಯ, ತರಬೇತಿ ಮುಗಿದ ಮೇಲೆ ಸುಮಾರು ಎರಡು ವರ್ಷ ಅಭ್ಯರ್ಥಿಗಳ ಬೆನ್ನ ಹಿಂದೆ ಇರುವುದು. ಟಿಡಬ್ಲ್ಯುಐನ ನಾಲ್ಕನೇ ಹೆಜ್ಜೆ ಇದೇ ಅಲ್ವಾ?

ಹಾಗಾದ್ರೆ ಆ ತರಬೇತಿ ಹೇಗಿರಬೇಕಿತ್ತು?

ಮೊದಲು ಒಂದು ವಾಕ್ಯ ಬರೆದುಕೊಳ್ಳಬೇಕು: ಇದು ಮುಗಿದ ಮೇಲೆ ಯಾರು, ಏನನ್ನು, ಯಾರ ಸಹಾಯವೂ ಇಲ್ಲದೆ ಮಾಡಬೇಕು? ನಮ್ಮ ಕೇಸಲ್ಲಿ: "ರಾತ್ರಿ ಡ್ರೈವ್ ಟ್ರಿಪ್ ಆದ್ರೆ ಆಪರೇಟರ್ ಕೋಡ್ ಓದಿ, ರಿಸೆಟ್ ಮಾಡ್ಬಹುದಾ ಅಥವಾ ನಿಲ್ಲಿಸಿ ಫೋನ್ ಮಾಡ್ಬೇಕಾ ಅಂತ ತೀರ್ಮಾನಿಸಬೇಕು." ಇದಕ್ಕೆ ಎಪ್ಪತ್ತು ಸ್ಲೈಡ್ ಬೇಡ. ಹನ್ನೆರಡು ಜನರಿಗೆ ಮೂರು ಗಂಟೆಯನ್ನು ಹೀಗೆ ಹಂಚಬಹುದು:

- ಮೊದಲ 20 ನಿಮಿಷ: ಹಿಂದೆ ಪಂಪು ನಿಂತಾಗ ಏನಾಯ್ತು ಅಂತ ಅವರ ಬಾಯಿಂದಲೇ ಕೇಳುವುದು. ಇಪ್ಪತ್ತು ವರ್ಷ ಸರ್ವಿಸ್ ಆದವರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತದೆ.
- ಮುಂದಿನ 30 ನಿಮಿಷ: ಡ್ರೈವಿನ ಎದುರೇ ನಿಂತು ಒಂದು ಸಲ ಮಾಡಿ ತೋರಿಸುವುದು.
- ನಂತರ 90 ನಿಮಿಷ: ಇಬ್ಬಿಬ್ಬರ ಜೋಡಿ. ಒಬ್ಬರ ಕೈಗೆ ಫಾಲ್ಟ್ ಕೋಡ್ ಬರೆದ ಚೀಟಿ, ಇನ್ನೊಬ್ಬರು ಏನು ಮಾಡ್ತೇನೆ, ಯಾಕೆ ಅಂತ ಹೇಳ್ಬೇಕು. ಪವರ್ ತೆಗೆದ ಡೆಮೊ ಡ್ರೈವ್ ಸಾಕು, ಇಲ್ಲಿ ತಪ್ಪಿದ್ರೆ ಏನೂ ಸುಡುವುದಿಲ್ಲ.
- ಕೊನೆಯ 40 ನಿಮಿಷ: ಪ್ಯಾನೆಲ್ ಮೇಲೆ ಅಂಟಿಸುವ ಕಾರ್ಡನ್ನು ಅವರಿಂದಲೇ ಬರೆಸುವುದು.

ಭಾಷೆಯೂ ಮುಖ್ಯ. ನಮ್ಮೂರಿನ ಶಿಫ್ಟಲ್ಲಿ ತುಳು, ಕನ್ನಡ, ಮಲಯಾಳ, ಹಿಂದಿ ಎಲ್ಲ ಇರುತ್ತವೆ. ಇಂಗ್ಲಿಷ್ ಸ್ಲೈಡಿಗೆ ತಲೆ ಆಡಿಸಿದ್ರೆ ಅರ್ಥ ಆಗಿದೆ ಅಂತಲ್ಲ. ಮ್ಯಾನೇಜರ್ ಕೋಣೆಯಲ್ಲೇ ಕೂತಿದ್ರೆ ಯಾರೂ "ಗೊತ್ತಿಲ್ಲ ಸರ್" ಅನ್ನುವುದಿಲ್ಲ. ಸ್ವಲ್ಪ ಹೊತ್ತು ಅವರನ್ನು ಚಹಾಕ್ಕೆ ಕಳಿಸಿ ಮಾರಾಯ್ರೆ!

ಎರಡು ವಾರ ಬಿಟ್ಟು ರಾತ್ರಿ ಪಾಳಿಗೇ ಹೋಗಿ ಒಂದು ಚೀಟಿ ಕೊಟ್ಟು ನೋಡಬೇಕು. ಉತ್ತರ ಬಂದ್ರೆ ಕಾರ್ಯಾಗಾರ ಗೆದ್ದಿತು. ಬಾರದಿದ್ರೆ ಮೆಮೊ ಅಲ್ಲ, ಇನ್ನೊಂದು ಸಲ ಕಲಿಸುವುದು.

ನಮ್ಮ ಕ್ಯಾಂಪಸ್ಸಿನ ವರ್ಕ್‌ಶಾಪ್‌ಗಳಿಗೂ ಇದೇ ಅಳತೆ. ಮುಂದಿನ ಸಲ ಸರ್ಟಿಫಿಕೇಟ್ ಅದೇ ದಿನ ಕೊಡುವುದು ಬೇಡ. ಎರಡು ವಾರ ಬಿಟ್ಟು, ಸೋಲ್ಡರ್ ಮಾಡಿದ ಬೋರ್ಡ್ ತಂದು ತೋರಿಸಿದವರಿಗೆ ಕೊಡೋಣ. ಆಗ ಹಾಜರಿ ಕಡಿಮೆ ಆಗಬಹುದು, ಆಗಲಿ.